ಇಫ್ ಸಾಕೋ, ಚೂಸ್ ಬೇಕೋ, ಬೇರೆ ಟೆಂಪ್ಲೇಟೇ ಬರೆಯಬೇಕೋ?

ಕನ್ನಡ ವಿಕಿಪೀಡಿಯದ ರಫ್ತು ಪುಟದಲ್ಲಿ ಲೇಖನಗಳ ಹೆಸರು ಕೊಟ್ಟರೆ, ಮಾಹಿತಿಯನ್ನು ಟ್ಯಾಗ್‌ಗಳೊಳಗೆ ಜೋಡಿಸಿಟ್ಟ ಒಂದು ಎಕ್ಸ್‌ಎಂಎಲ್ ಫೈಲ್ ಸಿಗುತ್ತದೆ. ಇಪ್ಪತ್ತು ಪುಟ ಇಳಿಸಿಕೊಂಡು, ಅದರಿಂದ ಒಂದು ಚೊಕ್ಕ ಪಟ್ಟಿ ಮಾಡೋಣ ಅಂತ ಎಕ್ಸ್‌ಎಸ್‌ಎಲ್‌ಟಿ ಹಿಡಿದು ಕೂತೆ. ಎಕ್ಸ್‌ಎಂಎಲ್ ಫೈಲನ್ನು ಬೇಕಾದ ರೂಪಕ್ಕೆ ಬದಲಿಸುವ ಭಾಷೆ ಅದು. ಓಡಿಸಿದರೆ ಇಪ್ಪತ್ತು ಸಾಲಿನಲ್ಲೂ ಒಂದೇ ಶೀರ್ಷಿಕೆ! ಷರತ್ತು ತಪ್ಪಿರಬೇಕು ಅಂದುಕೊಂಡೆ. ಷರತ್ತು ಹಾಕುವ ಎರಡು ಟ್ಯಾಗ್‌ಗಳಲ್ಲಿ ಇಫ್ ತೆಗೆದು ಚೂಸ್ ಹಾಕಿದೆ. ಚೂಸ್ ತೆಗೆದು ಮತ್ತೆ ಇಫ್ ಹಾಕಿದೆ. ಒಂದು ಸಂಜೆ ಹಾಗೇ ಹೋಯಿತು. ತಪ್ಪು ಷರತ್ತಿನಲ್ಲಿ ಇರಲೇ ಇಲ್ಲ. ಆ ಸಾಲಿನಲ್ಲಿ ನಾನು ಯಾವ ನೋಡ್ (ಫೈಲಿನ ಟ್ಯಾಗ್, ಪಠ್ಯ ಇಂಥ ಒಂದೊಂದು ತುಣುಕು) ಮೇಲೆ ನಿಂತಿದ್ದೇನೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಅಲ್ಲಿಂದೀಚೆಗೆ ನಾನು ಇಫ್, ಚೂಸ್, ಟೆಂಪ್ಲೇಟ್ (ಇಂಥ ನೋಡ್‌ಗೆ ಹೀಗೆ ಬರೆ ಅನ್ನುವ ನಿಯಮ) ಇವುಗಳಲ್ಲಿ ಯಾವುದು ಅಂತ ಯೋಚಿಸುವ ಮೊದಲು ಕಾಂಟೆಕ್ಸ್ಟ್ ನೋಡ್, ಅಂದರೆ ನಾನೀಗ ನಿಂತಿರುವ ನೋಡ್, ಯಾವುದು ಅಂತ ಕೇಳಿಕೊಳ್ಳುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ಟ್ಯಾಗ್, ಫಂಕ್ಷನ್ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನಿಮ್ಮ ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ. ಅಂದಹಾಗೆ, ಎಕ್ಸ್‌ಎಂಎಲ್‌ನಲ್ಲಿ ಕನ್ನಡದ ಟ್ಯಾಗ್ ಇಡಬಾರದು ಅಂತೇನೂ ಇಲ್ಲ. ‘ಪುಸ್ತಕ’ ಅಂತ ಟ್ಯಾಗ್ ಇಟ್ಟರೂ ಫೈಲ್ ಓದುವ ಪಾರ್ಸರ್ ತಕರಾರು ಮಾಡುವುದಿಲ್ಲ.

## ಕೈಲಿರುವ ಫೈಲ್

ಎಲ್ಲದಕ್ಕೂ ಹೊರಗೆ ಮೀಡಿಯಾವಿಕಿ ಅನ್ನುವ ಎಲಿಮೆಂಟ್ (ಶುರುವಿನ ಟ್ಯಾಗ್, ಕೊನೆಯ ಟ್ಯಾಗ್, ನಡುವಿನದೆಲ್ಲ ಸೇರಿ). ಅದರೊಳಗೆ ಮೊದಲು ಸೈಟ್‌ಇನ್ಫೋ, ಆಮೇಲೆ ಸಾಲಾಗಿ ಪೇಜ್‌ಗಳು. ಒಂದು ಪೇಜ್ ಸುಮಾರಾಗಿ ಹೀಗಿರುತ್ತದೆ (ಹೆಸರುಗಳು ಉದಾಹರಣೆಗೆ ಮಾತ್ರ):

```
<ಪೇಜ್>
  <ಟೈಟಲ್>ಹಂಪೆ</ಟೈಟಲ್>
  <ಎನ್ಎಸ್>0</ಎನ್ಎಸ್>
  <ರೀಡೈರೆಕ್ಟ್ ಟೈಟಲ್="ಹಂಪಿ"/>
  <ರಿವಿಷನ್>
    <ಕಾಂಟ್ರಿಬ್ಯೂಟರ್>
      <ಯೂಸರ್ನೇಮ್>...</ಯೂಸರ್ನೇಮ್>
    </ಕಾಂಟ್ರಿಬ್ಯೂಟರ್>
    <ಮೈನರ್/>
    <ಟೆಕ್ಸ್ಟ್ ಬೈಟ್ಸ್="42">...</ಟೆಕ್ಸ್ಟ್>
  </ರಿವಿಷನ್>
</ಪೇಜ್>
```

ಎನ್‌ಎಸ್ ಪುಟದ ಜಾತಿ ಹೇಳುವ ಸಂಖ್ಯೆ: 0 ಅಂದರೆ ಲೇಖನ, 1 ಅಂದರೆ ಚರ್ಚೆಪುಟ, 10 ಟೆಂಪ್ಲೇಟು (ವಿಕಿಯದು, ಎಕ್ಸ್‌ಎಸ್‌ಎಲ್‌ಟಿಯದಲ್ಲ), 14 ವರ್ಗ. ರೀಡೈರೆಕ್ಟ್ ಅನ್ನುವ ಎಲಿಮೆಂಟ್ ಎಲ್ಲ ಪುಟದಲ್ಲೂ ಇರುವುದಿಲ್ಲ. ಬೇರೆ ಪುಟಕ್ಕೆ ದಾಟಿಸುವ ಪುಟದಲ್ಲಿ ಮಾತ್ರ ಇರುತ್ತದೆ. ಲಾಗಿನ್ ಆಗದೆ ಮಾಡಿದ ಹಳೆಯ ತಿದ್ದುಪಡಿಯಾದರೆ ಯೂಸರ್‌ನೇಮ್ ಬದಲು ಐಪಿ ಇರುತ್ತದೆ. ತಿದ್ದಿದವರ ಹೆಸರನ್ನು ಮರೆಮಾಡಿದ್ದರೆ ಎರಡೂ ಇರುವುದಿಲ್ಲ, ಕಾಂಟ್ರಿಬ್ಯೂಟರ್ ಮೇಲೆ ಡಿಲೀಟೆಡ್ ಅನ್ನುವ ಆಟ್ರಿಬ್ಯೂಟ್ (ಟ್ಯಾಗಿನೊಳಗೇ ಬರೆದ ಗುಣ) ಮಾತ್ರ ಇರುತ್ತದೆ. ಷರತ್ತು ಹಾಕುವುದನ್ನು ಕಲಿಯಲು ಇದಕ್ಕಿಂತ ಒಳ್ಳೆ ಫೈಲ್ ಬೇಡ.

ಶುರುವಿನಲ್ಲೇ ಒಂದು ಗುಂಡಿ ಇದೆ. ಈ ಫೈಲಿನ ಹೊರಗಿನ ಎಲಿಮೆಂಟಿನಲ್ಲಿ ಡೀಫಾಲ್ಟ್ ನೇಮ್‌ಸ್ಪೇಸ್ ಇದೆ, ಅಂದರೆ ಒಳಗಿನ ಟ್ಯಾಗ್ ಹೆಸರುಗಳೆಲ್ಲ ಯಾವ ಕುಲಕ್ಕೆ ಸೇರಿದವು ಅನ್ನುವ ಗುರುತು. ನೋಡ್‌ಗಳ ವಿಳಾಸ ಬರೆಯುವ ಭಾಷೆಯಾದ ಎಕ್ಸ್‌ಪಾತ್‌ನ 1.0 ಆವೃತ್ತಿಯಲ್ಲಿ ಬರಿ ‘ಪೇಜ್’ ಅಂತ ಬರೆದರೆ ಅದರರ್ಥ ಯಾವ ನೇಮ್‌ಸ್ಪೇಸೂ ಇಲ್ಲದ ಪೇಜ್. ಹಾಗಾಗಿ ನಿಮ್ಮ ಒಂದು ಟೆಂಪ್ಲೇಟೂ ಹೊಂದುವುದಿಲ್ಲ. ಎರರ್ ಕೂಡ ಬರುವುದಿಲ್ಲ. ಯಾವುದೂ ಹೊಂದದಿದ್ದಾಗ ಒಳಗೇ ಇರುವ ಬಿಲ್ಟ್-ಇನ್ ಟೆಂಪ್ಲೇಟ್‌ಗಳು ಕೆಲಸ ಶುರುಮಾಡುತ್ತವೆ. ಅವು ಎಲಿಮೆಂಟಿನ ಒಳಗೆ ಇಳಿಯುತ್ತಾ, ಸಿಕ್ಕ ಪಠ್ಯವನ್ನೆಲ್ಲ ಹೊರಗೆ ಸುರಿಯುತ್ತವೆ. ಸೈಟಿನ ಹೆಸರು, ಸದಸ್ಯ, ವರ್ಗ, ಟೆಂಪ್ಲೇಟು ಅಂತ ವಿಕಿಯ ಪುಟಜಾತಿಗಳ ಹೆಸರುಗಳು, ಆಮೇಲೆ ಲೇಖನಗಳ ಪೂರ್ತಿ ಪಠ್ಯ, ಎಲ್ಲ ಒಂದೇ ರಾಶಿ. ಇಂಥ ರಾಶಿ ಕಂಡರೆ ಷರತ್ತು ತಿದ್ದಲು ಹೋಗಬೇಡಿ. ಆ ನೇಮ್‌ಸ್ಪೇಸಿಗೆ ‘ವಿ’ ಅಂತಲೋ ಏನೋ ಒಂದು ಪ್ರಿಫಿಕ್ಸ್ ಕಟ್ಟಿ, ಎಲ್ಲ ಕಡೆ `ವಿ:ಪೇಜ್` ಅಂತ ಬರೆಯಿರಿ. ಮುಂದಿನ ಉದಾಹರಣೆಗಳಲ್ಲಿ ಜಾಗ ಉಳಿಸಲು ನಾನು ಪ್ರಿಫಿಕ್ಸ್ ಬಿಟ್ಟಿದ್ದೇನೆ, ನೀವು ಬಿಡಬೇಡಿ.

## ನಿಂತ ಜಾಗ ಯಾವುದು

ಯಾರಾದರೂ ದಾರಿ ಕೇಳಿದಾಗ “ಇಲ್ಲಿಂದ ಮೂರನೇ ಕ್ರಾಸ್, ಎಡಕ್ಕೆ” ಅನ್ನುತ್ತೇವೆ. ಕೇಳಿದವರು ನಮ್ಮ ಪಕ್ಕ ನಿಂತಿದ್ದರೆ ಅದು ಸರಿಯಾದ ವಿಳಾಸ. ಫೋನಿನಲ್ಲಿ ಕೇಳಿದವರಿಗೆ ಅದನ್ನೇ ಹೇಳಿದರೆ ಅವರು ಇನ್ಯಾವುದೋ ಬಡಾವಣೆಯಲ್ಲಿ ಮೂರನೇ ಕ್ರಾಸ್ ಹುಡುಕುತ್ತಾರೆ. `ಟೈಟಲ್` ಅಂತ ಬರೆಯುವುದು ‘ಇಲ್ಲಿಂದ’ ಅನ್ನುವ ಥರದ ವಿಳಾಸ. ಆ ‘ಇಲ್ಲಿ’ಯೇ ಕಾಂಟೆಕ್ಸ್ಟ್ ನೋಡ್. `//ಟೈಟಲ್` ಅಂತ ಬರೆದರೆ ನೀವು ಎಲ್ಲೇ ನಿಂತಿರಿ, ಡಾಕ್ಯುಮೆಂಟಿನ ಬುಡದಿಂದ ಹುಡುಕಾಟ ಶುರು.

ನನ್ನ ಇಪ್ಪತ್ತು ಸಾಲಿನ ಕಥೆ ಇದೇ. ಫಾರ್-ಈಚ್ (ಪ್ರತಿ ನೋಡ್‌ಗೂ ಒಂದೊಂದು ಸುತ್ತು) ಒಳಗೆ ಕೂತು `//ಟೈಟಲ್` ಬರೆದಿದ್ದೆ. 1.0ರಲ್ಲಿ ಪಠ್ಯ ಬರೆಯುವ ವ್ಯಾಲ್ಯೂ-ಆಫ್ ಮೊದಲ ನೋಡ್ ಒಂದನ್ನೇ ಬರೆಯುತ್ತದೆ, ಆದ್ದರಿಂದ ಪ್ರತಿ ಸಾಲಿನಲ್ಲೂ ಮೊದಲ ಶೀರ್ಷಿಕೆ. ಇದೇ ತಪ್ಪನ್ನು 2.0ರಲ್ಲಿ ಮಾಡಿದರೆ ಪ್ರತಿ ಸಾಲಿನಲ್ಲೂ ಇಪ್ಪತ್ತೂ ಶೀರ್ಷಿಕೆ ಸಾಲಾಗಿ ಬರುತ್ತವೆ. ರೋಗ ಒಂದೇ, ಲಕ್ಷಣ ಬೇರೆ.

ನಿಂತ ಜಾಗವನ್ನು ಬದಲಿಸುವುದು ಯಾವುದು, ಬದಲಿಸದೇ ಇರುವುದು ಯಾವುದು? ಪ್ರತಿ ನೋಡ್‌ಗೂ ಹೊಂದುವ ಟೆಂಪ್ಲೇಟ್ ಹುಡುಕಿ ಓಡಿಸುವ ಅಪ್ಲೈ-ಟೆಂಪ್ಲೇಟ್ಸ್ ಬದಲಿಸುತ್ತದೆ. ಫಾರ್-ಈಚ್ ಕೂಡ ಬದಲಿಸುತ್ತದೆ. ಹೆಸರು ಹೇಳಿ ಟೆಂಪ್ಲೇಟ್ ಕರೆಯುವ ಕಾಲ್-ಟೆಂಪ್ಲೇಟ್ ಬದಲಿಸುವುದಿಲ್ಲ, ಕರೆದವರು ಎಲ್ಲಿ ನಿಂತಿದ್ದರೋ ಅಲ್ಲಿಂದಲೇ ಅದು ನೋಡುತ್ತದೆ. ಇಫ್, ಚೂಸ್ ಕೂಡ ಬದಲಿಸುವುದಿಲ್ಲ. ಇದನ್ನು ತುಂಬ ಜನ ಮರೆಯುತ್ತಾರೆ. `ಟೆಸ್ಟ್="ರಿವಿಷನ್"` ಅಂತ ಇಫ್ ಹಾಕಿದ ಮೇಲೆ ಒಳಗೆ ‘ಇದೇ ನೋಡ್’ ಅನ್ನುವ ಚುಕ್ಕಿ ಹಾಕಿದರೆ ಅದು ರಿವಿಷನ್ ಅಲ್ಲ, ಇನ್ನೂ ಪೇಜ್‌ನ ಮೇಲೇ ಇದ್ದೀರಿ. ಇನ್ನು 2.0ರಲ್ಲಿ ಬಂದ ನಿಮ್ಮದೇ ಫಂಕ್ಷನ್ ಬರೆದರೆ ಅದರೊಳಗೆ ನಿಂತ ಜಾಗವೇ ಇರುವುದಿಲ್ಲ. ಬೇಕಾದ್ದನ್ನು ಪ್ಯಾರಾಮೀಟರ್ ಮಾಡಿ ಕೊಡಬೇಕು.

ಷರತ್ತು ಹಾಕಿ ನೋಡ್ ಸೋಸುವ ಚೌಕ ಬ್ರಾಕೆಟ್ಟಿನದು ಬೇರೆಯೇ ಆಟ. ಬ್ರಾಕೆಟ್ ಒಳಗೆ ಹೋದ ತಕ್ಷಣ ಕಾಂಟೆಕ್ಸ್ಟ್ ಆ ಬ್ರಾಕೆಟ್ ಅಂಟಿಕೊಂಡ ನೋಡ್‌ಗೆ ಜಾರುತ್ತದೆ. ‘ಹಂಪೆ’ಯ ಪೇಜ್ ಮೇಲೆ ನಿಂತು, ಅದು ದಾಟಿಸುವ ‘ಹಂಪಿ’ಯ ಪೇಜ್ ಹುಡುಕಬೇಕು ಅಂದುಕೊಳ್ಳಿ. ಮೊದಲು ಕೈ ಹೀಗೆ ಬರೆಯುತ್ತದೆ (@ ಅಂದರೆ ಆಟ್ರಿಬ್ಯೂಟ್):

`//ಪೇಜ್[ಟೈಟಲ್ = ರೀಡೈರೆಕ್ಟ್/@ಟೈಟಲ್]`

ಏನೂ ಸಿಗುವುದಿಲ್ಲ. ಬ್ರಾಕೆಟ್ ಒಳಗೆ ಎರಡೂ ಹೆಸರು ಹುಡುಕುತ್ತಿರುವ ಪೇಜ್‌ಗೇ ಸೇರಿದವು. ತನಗೆ ತಾನೇ ದಾರಿ ತೋರಿಸುವ ಪುಟ ಬೇಕು ಅಂತ ಕೇಳಿದ ಹಾಗಾಯಿತು. ಸರಿಯಾದದ್ದು ಇದು:

`//ಪೇಜ್[ಟೈಟಲ್ = ಕರೆಂಟ್()/ರೀಡೈರೆಕ್ಟ್/@ಟೈಟಲ್]`

ಕರೆಂಟ್() ಅಂದರೆ ಬ್ರಾಕೆಟ್ಟಿನ ಹೊರಗೆ ಟೆಂಪ್ಲೇಟೋ ಫಾರ್-ಈಚೋ ಹಿಡಿದಿರುವ ನೋಡ್. ಬ್ರಾಕೆಟ್ ಇಲ್ಲದ ಕಡೆ ಚುಕ್ಕಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಆದರೆ ಫಾರ್-ಈಚ್ ಒಳಗೆ ಇನ್ನೊಂದು ಫಾರ್-ಈಚ್ ಇದ್ದರೆ ಕರೆಂಟ್() ಒಳಗಿನದನ್ನು ಮಾತ್ರ ತೋರಿಸುತ್ತದೆ. ಹೊರಗಿನದು ಬೇಕಾದರೆ ಒಳಗೆ ಇಳಿಯುವ ಮೊದಲೇ ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳಿ. ನಾನಂತೂ ಈಗ ಎರಡಕ್ಕೂ ವೇರಿಯಬಲ್ಲೇ ಬಳಸುತ್ತೇನೆ, ಆರು ತಿಂಗಳ ನಂತರ ಓದಿದರೂ ಅರ್ಥವಾಗುತ್ತದೆ.

ಪುಟಗಳು ಜಾಸ್ತಿ ಇದ್ದರೆ ಇವೆರಡನ್ನೂ ಬಿಟ್ಟು ಕೀ (ಹೆಸರು ಕೊಟ್ಟರೆ ನೇರ ನೋಡ್ ತೋರಿಸುವ ಸೂಚಿ) ಕಟ್ಟುವುದು ಒಳ್ಳೆಯದು. `//ಪೇಜ್[...]` ಅಂದರೆ ಪ್ರತಿ ರೀಡೈರೆಕ್ಟಿಗೂ ಇಡೀ ಫೈಲ್ ಸುತ್ತುವ ಕೆಲಸ. ಟೈಟಲ್ ಮೇಲೆ ಒಂದು ಕೀ ಇಟ್ಟರೆ `ಕೀ('ಹೆಸರಿಂದ', ರೀಡೈರೆಕ್ಟ್/@ಟೈಟಲ್)` ಸಾಕು. ಇಲ್ಲಿ ಬ್ರಾಕೆಟ್ಟೇ ಇಲ್ಲವಲ್ಲ, ಹಾಗಾಗಿ ಕರೆಂಟ್() ಗೊಡವೆಯೂ ಇಲ್ಲ.

## ಇಫ್, ಚೂಸ್

ಇಫ್ ಬಗ್ಗೆ ಹೇಳುವುದು ಕಡಿಮೆ. ಇದ್ದರೆ ಬರೆ, ಇಲ್ಲದಿದ್ದರೆ ಸುಮ್ನಿರು, ಅಷ್ಟೇ ಅದರ ಕೆಲಸ. ಎಲ್ಸ್ ಅನ್ನುವುದು ಇಲ್ಲ. ಸಣ್ಣ ತಿದ್ದುಪಡಿಯಾದರೆ ಪಕ್ಕದಲ್ಲಿ ಒಂದು ‘ಚಿ’ ಹಾಕಬೇಕು ಅಂದರೆ, ರಿವಿಷನ್ ಮೇಲೆ ನಿಂತು `ಟೆಸ್ಟ್="ಮೈನರ್"` ಸಾಕು. ಮೈನರ್ ಖಾಲಿ ಟ್ಯಾಗ್ ಅಲ್ವಾ, ಅದು ಹೇಗೆ ನಿಜವಾಗುತ್ತದೆ ಅಂತ ಅನುಮಾನ ಬರಬಹುದು. ಟೆಸ್ಟ್‌ನಲ್ಲಿ ನೋಡ್ ಕೊಟ್ಟರೆ ಅದು ಇದೆಯೋ ಇಲ್ಲವೋ ಅಂತ ಮಾತ್ರ ನೋಡುತ್ತದೆ, ಒಳಗೆ ಏನಿದೆ ಅಂತ ನೋಡುವುದಿಲ್ಲ. ಒಳಗಿರುವುದೇ ಮುಖ್ಯವಾದರೆ `ಸ್ಟ್ರಿಂಗ್(...)` ಒಳಗೆ ಹಾಕಿ, ಖಾಲಿ ಸ್ಟ್ರಿಂಗ್ ಸುಳ್ಳು.

ಒಂದೇ ವಿಷಯಕ್ಕೆ ಎರಡು ಇಫ್ ಬರೆದು, ಎರಡನೆಯದರಲ್ಲಿ ಮೊದಲಿನ ಷರತ್ತನ್ನು ತಿರುಗಿಸಿ ಹಾಕುತ್ತಿದ್ದೀರಾ? ಅಲ್ಲಿ ಚೂಸ್ ಬೇಕು. ತಿರುಗಿಸುವಾಗಲೇ ಎಡವುವುದು. `@ಡಿಲೀಟೆಡ್ = 'ಡಿಲೀಟೆಡ್'` ಅನ್ನುವುದರ ವಿರುದ್ಧ `@ಡಿಲೀಟೆಡ್ != 'ಡಿಲೀಟೆಡ್'` ಅಲ್ಲ. ಆ ಆಟ್ರಿಬ್ಯೂಟೇ ಇಲ್ಲದಿದ್ದರೆ ಎರಡೂ ಸುಳ್ಳು! ಹೋಲಿಸಲು ನೋಡೇ ಇಲ್ಲದ ಮೇಲೆ ಯಾವ ಹೋಲಿಕೆಯೂ ನಿಜವಾಗುವುದಿಲ್ಲ. ಬರೆಯಲೇಬೇಕಾದರೆ `ನಾಟ್(@ಡಿಲೀಟೆಡ್ = 'ಡಿಲೀಟೆಡ್')` ಅಂತ ಬರೆಯಿರಿ.

ತಿದ್ದಿದವರ ಹೆಸರು ಬರೆಯುವ ಕೆಲಸ ಚೂಸ್‌ಗೆ ಹೇಳಿ ಮಾಡಿಸಿದ್ದು. ಯೂಸರ್‌ನೇಮ್ ಇದ್ದರೆ ಅದು, ಐಪಿ ಇದ್ದರೆ ಅದು, ಎರಡೂ ಇಲ್ಲದಿದ್ದರೆ ‘ಹೆಸರು ಮರೆಮಾಡಲಾಗಿದೆ’. ಎರಡು ವೆನ್ (ಷರತ್ತಿನ ಕವಲು), ಉಳಿದದ್ದಕ್ಕೆ ಒಂದು ಅದರ್‌ವೈಸ್. ಮೇಲಿನಿಂದ ನೋಡುತ್ತಾ ಬಂದು ಮೊದಲು ನಿಜವಾದದ್ದನ್ನು ಹಿಡಿದು ನಿಲ್ಲುತ್ತದೆ.

ಆ ‘ಮೊದಲು’ ಎಷ್ಟು ಮುಖ್ಯ ಅನ್ನುವುದು ಇತಿಹಾಸದ ಪಟ್ಟಿ ಮಾಡುವಾಗ ಗೊತ್ತಾಯಿತು. ಪೂರ್ತಿ ಇತಿಹಾಸ ಇಳಿಸಿದರೆ ಒಂದು ಪೇಜ್‌ನಲ್ಲಿ ಹಲವು ರಿವಿಷನ್ ಇರುತ್ತವೆ, ಹಳೆಯದು ಮೊದಲು. ಪ್ರತಿ ತಿದ್ದುಪಡಿಯಲ್ಲಿ ಪುಟ ಬೆಳೆಯಿತೋ ಕುಗ್ಗಿತೋ ಅಂತ ನೋಡಲು ಹಿಂದಿನ ರಿವಿಷನ್ನಿನ ಬೈಟ್ಸ್ ಬೇಕು: `ಪ್ರಿಸೀಡಿಂಗ್-ಸಿಬ್ಲಿಂಗ್::ರಿವಿಷನ್[1]`. ಇಲ್ಲಿ 1 ಅಂದರೆ ಪಕ್ಕದಲ್ಲೇ ಹಿಂದಿರುವುದು, ಪಟ್ಟಿಯ ಮೊದಲನೆಯದಲ್ಲ. ಜಾಸ್ತಿ ಇದ್ದರೆ ‘ಬೆಳೆಯಿತು’, ಕಡಿಮೆ ಇದ್ದರೆ ‘ಕುಗ್ಗಿತು’, ಅದರ್‌ವೈಸ್ ‘ಬದಲಾಗಿಲ್ಲ’. ನೋಡಲು ಚೆನ್ನಾಗಿದೆ. ಆದರೆ ಪುಟ ಹುಟ್ಟಿದ ಮೊದಲ ತಿದ್ದುಪಡಿಗೆ ಹಿಂದಿನದೇ ಇಲ್ಲ. ಎರಡು ವೆನ್ನೂ ಸುಳ್ಳಾಗಿ, ಶೂನ್ಯದಿಂದ ಎದ್ದ ಪುಟದ ಮುಂದೆ ‘ಬದಲಾಗಿಲ್ಲ’ ಅಂತ ಬಂತು. ಹಿಂದಿನದು ಇಲ್ಲದಿದ್ದರೆ ‘ಹೊಸ ಪುಟ’ ಅನ್ನುವ ವೆನ್ ಎಲ್ಲಕ್ಕಿಂತ ಮೇಲೆ ಕೂರಬೇಕು. ಅದರ್‌ವೈಸ್ ಬರೆಯುವಾಗ ‘ಉಳಿದದ್ದು’ ಅಂದರೆ ನಿಜಕ್ಕೂ ಏನೇನು ಅಂತ ಬೆರಳಲ್ಲಿ ಎಣಿಸಿ.

## ಷರತ್ತನ್ನು ಟೆಂಪ್ಲೇಟಿನ ಬಾಗಿಲಿಗೇ ಕಟ್ಟುವುದು

ಪುಟ ಯಾವ ಜಾತಿಯದು ಅನ್ನುವುದರ ಮೇಲೆ ಇಡೀ ಸಾಲಿನ ರೂಪವೇ ಬದಲಾಗುವುದಾದರೆ ನಾನು ಚೂಸ್ ಮುಟ್ಟುವುದಿಲ್ಲ. ಬೇರೆ ಬೇರೆ ಟೆಂಪ್ಲೇಟ್ ಬರೆಯುತ್ತೇನೆ: ಒಂದರ ಮ್ಯಾಚ್ (ಯಾವ ನೋಡ್‌ಗೆ ಅನ್ನುವ ಗುರುತು) `ಪೇಜ್`, ಇನ್ನೊಂದರ ಮ್ಯಾಚ್ `ಪೇಜ್[ರೀಡೈರೆಕ್ಟ್]`. ಅಪ್ಲೈ-ಟೆಂಪ್ಲೇಟ್ಸ್ ಅಂತ ಒಂದು ಮಾತು ಹೇಳಿದರೆ ಪ್ರತಿ ಪೇಜ್ ತನ್ನ ಬಾಗಿಲನ್ನು ತಾನೇ ಹುಡುಕಿಕೊಳ್ಳುತ್ತದೆ. ಒಳಗೆ ಬಂದ ಮೇಲೆ ಕಾಂಟೆಕ್ಸ್ಟ್ ಬಗ್ಗೆ ಅನುಮಾನವೇ ಇಲ್ಲ: ನೀವು ನಿಂತಿರುವುದು ರೀಡೈರೆಕ್ಟ್ ಇರುವ ಪೇಜ್ ಮೇಲೆ. ಫಾರ್-ಈಚ್ ಒಳಗಿನ ನೂರು ಸಾಲಿನ ಚೂಸ್‌ಗಿಂತ ಇದು ನನಗೆ ಇಷ್ಟ ಆಗಲು ಮುಖ್ಯ ಕಾರಣ ಅದೇ. ನಾಳೆ ವರ್ಗಗಳಿಗೆ ಬೇರೆ ರೂಪ ಬೇಕಾದರೆ ಹಳೆಯದನ್ನು ಕೆದಕದೆ ಇನ್ನೊಂದು ಟೆಂಪ್ಲೇಟ್ ಸೇರಿಸಿದರಾಯಿತು.

ಹಾಗಂತ ಇದು ಪುಕ್ಕಟೆಯಲ್ಲ. ಎರಡು ಟೆಂಪ್ಲೇಟ್ ಒಂದೇ ನೋಡ್‌ಗೆ ಹೊಂದಿದರೆ ಪ್ರಯಾರಿಟಿ ನೋಡಲಾಗುತ್ತದೆ. ಬರಿ ಹೆಸರಿಗೆ 0. ನಕ್ಷತ್ರದ ಗುರುತಿಗೆ ಮೈನಸ್ 0.5. ಬ್ರಾಕೆಟ್ಟೋ ಓರೆಗೆರೆಯೋ ಇದ್ದರೆ 0.5. ಅದಕ್ಕೇ `ಪೇಜ್[ರೀಡೈರೆಕ್ಟ್]` ಬರಿ `ಪೇಜ್`ಗಿಂತ ಮುಂದೆ. ಈಗ ಮೂರನೆಯದಾಗಿ `ಪೇಜ್[ಎನ್ಎಸ್ = 10]` ಸೇರಿಸಿ. ಟೆಂಪ್ಲೇಟು ಪುಟವೇ ರೀಡೈರೆಕ್ಟ್ ಕೂಡ ಆಗಿದ್ದರೆ? ಎರಡೂ 0.5, ಎರಡೂ ಹೊಂದುತ್ತವೆ. ‘ಜಾಸ್ತಿ ಷರತ್ತು ಇರುವುದು ಗೆಲ್ಲುತ್ತದೆ’ ಅಂತ ಎರಡೂ ಬ್ರಾಕೆಟ್ ಸೇರಿಸಿ ನಾಲ್ಕನೆಯದು ಬರೆದರೆ ಅದೂ 0.5ರಲ್ಲೇ ನಿಲ್ಲುತ್ತದೆ. ಬ್ರಾಕೆಟ್ ಎಷ್ಟಿವೆ ಅಂತ ಯಾರೂ ಎಣಿಸುವುದಿಲ್ಲ. 1.0ರ ನಿಯಮದ ಪ್ರಕಾರ ಪ್ರೊಸೆಸರ್ (ಎಕ್ಸ್‌ಎಸ್‌ಎಲ್‌ಟಿ ಓಡಿಸುವ ಪ್ರೋಗ್ರಾಂ) ಇದನ್ನು ಎರರ್ ಅನ್ನಬಹುದು, ಇಲ್ಲವೇ ಫೈಲಿನಲ್ಲಿ ಕೊನೆಗೆ ಬರೆದದ್ದನ್ನು ಆರಿಸಬೇಕು. ಅಂದರೆ ಟೆಂಪ್ಲೇಟ್‌ಗಳನ್ನು ಚೆಂದಕ್ಕೆ ಮೇಲೆ ಕೆಳಗೆ ಮಾಡಿದರೆ ಫಲಿತಾಂಶವೇ ಬದಲಾಗಬಹುದು. ಒಂದಕ್ಕಿಂತ ಹೆಚ್ಚು ಬ್ರಾಕೆಟ್ ಟೆಂಪ್ಲೇಟ್ ಇದ್ದರೆ ಪ್ರಯಾರಿಟಿಯನ್ನು ನೀವೇ 1, 2, 3 ಅಂತ ಬರೆದುಬಿಡಿ.

ಇನ್ನೊಂದು ಮಿತಿ: 1.0ರಲ್ಲಿ ಮ್ಯಾಚ್ ಒಳಗೆ ವೇರಿಯಬಲ್ ಹಾಕುವಂತಿಲ್ಲ. ‘ಬಳಕೆದಾರರು ಕೇಳಿದ ವರ್ಗ ಮಾತ್ರ’ ಅನ್ನುವಂಥ, ಹೊರಗಿನಿಂದ ಬರುವ ಪ್ಯಾರಾಮೀಟರ್ ಮೇಲಿನ ಷರತ್ತಾದರೆ ಅಲ್ಲಿ ಇಫ್ ಅಥವಾ ಚೂಸ್‌ಗೇ ಬರಬೇಕು. 2.0ರಲ್ಲಿ ಈ ಬೇಲಿ ಸಡಿಲಾಗಿದೆ.

ಒಂದೇ ಪೇಜ್ ಪರಿವಿಡಿಯಲ್ಲಿ ಒಂದು ಥರ, ಒಳಗೆ ಇನ್ನೊಂದು ಥರ ಕಾಣಬೇಕೇ? ಅದು ಷರತ್ತೇ ಅಲ್ಲ. ನೋಡ್ ಬದಲಾಗಿಲ್ಲ, ಸಂದರ್ಭ ಬದಲಾಗಿದೆ. ಅದಕ್ಕೆ ಮೋಡ್ (ಸಂದರ್ಭಕ್ಕೊಂದು ಹೆಸರಿಟ್ಟು ಬೇರೆ ಟೆಂಪ್ಲೇಟ್ ಬರೆಯುವ ದಾರಿ) ಇದೆ. ‘ಪರಿವಿಡಿಯೇ?’ ಅಂತ ಪ್ಯಾರಾಮೀಟರ್ ಕಳಿಸಿ ಒಳಗೆ ಚೂಸ್ ಹಾಕುವವರನ್ನು ನೋಡಿದ್ದೇನೆ. ನಾನೂ ಒಂದು ಕಾಲಕ್ಕೆ ಹಾಕಿದವನೇ.

## ಒಳಗೆ ಬಿಟ್ಟುಕೊಂಡು ಆಮೇಲೆ ತಡೆಯುವುದೇಕೆ?

ಲೇಖನಗಳು ಮಾತ್ರ ಬೇಕು. ಎರಡು ದಾರಿ. ಎಲ್ಲ ಪೇಜ್‌ಗಳನ್ನೂ ಕರೆದು ಒಳಗೆ `ಟೆಸ್ಟ್="ಎನ್ಎಸ್ = 0"` ಅಂತ ಇಫ್ ಹಾಕಬಹುದು. ಅಥವಾ ಕರೆಯುವಾಗಲೇ `ಸೆಲೆಕ್ಟ್="ಪೇಜ್[ಎನ್ಎಸ್ = 0]"` ಅನ್ನಬಹುದು. ಬರುವ ಸಾಲುಗಳು ಒಂದೇ, ಹಾಗಾಗಿ ವ್ಯತ್ಯಾಸವೇನು ಅನ್ನಿಸುತ್ತದೆ. ಕ್ರಮಸಂಖ್ಯೆ ಹಾಕಿ ನೋಡಿ. ಮೊದಲ ದಾರಿಯಲ್ಲಿ 1, 2, 5, 9 ಅಂತ ಹಾರಿಹಾರಿ ಬರುತ್ತದೆ. ಪೊಸಿಷನ್() ಎಣಿಸುವುದು ಕರೆದವರನ್ನೆಲ್ಲ, ಊಟಕ್ಕೆ ಕೂತವರನ್ನಲ್ಲ. ಹೆಸರುಗಳ ನಡುವೆ ಅಲ್ಪವಿರಾಮ ಹಾಕಲು ಲಾಸ್ಟ್() ಬಳಸಿದರೂ ಇದೇ ಪಾಡು, ಕೊನೆಯಲ್ಲಿ ಒಂದು ಅನಾಥ ಅಲ್ಪವಿರಾಮ ಉಳಿಯುತ್ತದೆ. ಸಾಲನ್ನು ಪೂರ್ತಿ ಬಿಡುವುದಾದರೆ ಸೆಲೆಕ್ಟ್‌ನಲ್ಲೇ ಬಿಡಿ. ಸಾಲಿನ ಒಂದು ಚೂರನ್ನು ಮಾತ್ರ ಬಿಡುವುದಾದರೆ ಇಫ್.

ಸೆಲೆಕ್ಟ್ ಕೊಡದೆ ಸುಮ್ನೆ ಅಪ್ಲೈ-ಟೆಂಪ್ಲೇಟ್ಸ್ ಅಂದರೆ ಇನ್ನೊಂದು ತಮಾಷೆ. ಫೈಲನ್ನು ಚೆಂದವಾಗಿ ಜಾಗ ಬಿಟ್ಟು ಬರೆದಿರುತ್ತಾರಲ್ಲ, ಆ ಖಾಲಿ ಜಾಗವೂ ಪಠ್ಯದ ನೋಡ್ ಆಗಿ ಎಣಿಕೆಗೆ ಬರುತ್ತದೆ. ಖಾಲಿ, ಸೈಟ್‌ಇನ್ಫೋ, ಖಾಲಿ, ಪೇಜ್, ಖಾಲಿ, ಪೇಜ್. ಮೊದಲ ಪೇಜ್‌ನ ಪೊಸಿಷನ್ 4, ಆಮೇಲೆ 6, 8. ಸಾಲು ಬಿಟ್ಟು ಸಾಲಿಗೆ ಬಣ್ಣ ಹಾಕಲು ಸರಿ-ಬೆಸ ನೋಡಿದರೆ ಎಲ್ಲ ಸಾಲಿಗೂ ಒಂದೇ ಬಣ್ಣ. ಸೆಲೆಕ್ಟ್‌ನಲ್ಲಿ ಪೇಜ್ ಅಂತ ಹೆಸರಿಸಿದರೆ ಈ ಕಾಟ ತಪ್ಪುತ್ತದೆ.

## ಯಾವ ಆವೃತ್ತಿ ಕೈಲಿದೆ

ಎಕ್ಸ್‌ಎಸ್‌ಎಲ್‌ಟಿ 1.0 ಹೊರಬಂದದ್ದು 1999ರ ನವೆಂಬರ್ 16ರಂದು, 2.0 ಬಂದದ್ದು 2007ರಲ್ಲಿ, 3.0 ಬಂದದ್ದು 2017ರಲ್ಲಿ. ಲಿನಕ್ಸಿನಲ್ಲಿ ಸಿಗುವ ಪ್ರೊಸೆಸರ್ ಎಕ್ಸ್‌ಎಸ್‌ಎಲ್‌ಟಿಪ್ರಾಕ್ 1.0ರಲ್ಲೇ ಇದೆ, ಬ್ರೌಸರ್‌ಗಳೂ ಅಷ್ಟೇ. ಬ್ರೌಸರ್ ನಂಬಿ ಹೊಸದಾಗಿ ಏನೂ ಕಟ್ಟಬೇಡಿ. ಎಕ್ಸ್‌ಎಸ್‌ಎಲ್‌ಟಿಯನ್ನು ತೆಗೆದುಹಾಕುವ ಯೋಜನೆಯನ್ನು ಕ್ರೋಮ್ ತಂಡ 2025ರಲ್ಲೇ ಹೇಳಿದೆ. ಸ್ಯಾಕ್ಸನ್ ಅನ್ನುವ ಪ್ರೊಸೆಸರಿನ ಉಚಿತ ಆವೃತ್ತಿ ಇಟ್ಟುಕೊಂಡರೆ 3.0 ಸಿಗುತ್ತದೆ. ಆಗ ಸಣ್ಣ ಷರತ್ತಿಗೆ ಐದು ಸಾಲಿನ ಚೂಸ್ ಬೇಕಿಲ್ಲ, ಎಕ್ಸ್‌ಪಾತ್ ಒಳಗೇ `ಇಫ್ (ಮೈನರ್) ದೆನ್ 'ಚಿ' ಎಲ್ಸ್ '-'` ಅನ್ನಬಹುದು. ಒಂದು ಪದವನ್ನೋ ಆಟ್ರಿಬ್ಯೂಟನ್ನೋ ಆರಿಸಲು ಇದು ಚೆನ್ನ. ಟ್ಯಾಗ್‌ಗಳನ್ನೇ ಬರೆಯಬೇಕಾದರೆ ಚೂಸ್‌ಗೇ ವಾಪಸ್. ಇಡೀ ಕನ್ನಡ ವಿಕಿಪೀಡಿಯದ ಡಂಪ್ ಹಿಡಿದು ಕೂರುವವರಿಗೆ ಒಂದು ಮಾತು: ಮಾಮೂಲಿ ಪ್ರೊಸೆಸರ್ ಫೈಲನ್ನು ಪೂರ್ತಿ ಮೆಮೊರಿಗೆ ಎಳೆದುಕೊಳ್ಳುತ್ತದೆ. ಹರಿಯುತ್ತಿರುವಾಗಲೇ ಓದುವ ಸ್ಟ್ರೀಮಿಂಗ್ 3.0ರಲ್ಲಿದೆ, ಆದರೆ ಸ್ಯಾಕ್ಸನ್‌ನಲ್ಲಿ ಅದು ದುಡ್ಡು ಕೊಟ್ಟವರಿಗೆ ಮಾತ್ರ.

## ಎಲ್ಲ ಸರಿಯಿದ್ದೂ ಷರತ್ತು ಸುಳ್ಳಾದಾಗ

ಕಾಂಟೆಕ್ಸ್ಟ್ ಸರಿ, ನೇಮ್‌ಸ್ಪೇಸ್ ಸರಿ, ಆದರೂ `ಟೈಟಲ್ = 'ರಾಜ್‌ಕುಮಾರ್'` ಸುಳ್ಳು ಅನ್ನುತ್ತಿದೆಯೇ? ಇದು ಕನ್ನಡದವರಿಗೇ ಮೀಸಲಾದ ತಲೆನೋವು ಅಂತ ನಾನು ಮೊದಲು ಅಂದುಕೊಂಡಿದ್ದೆ, ಆಮೇಲೆ ಬೇರೆ ಭಾರತೀಯ ಭಾಷೆಗಳಲ್ಲೂ ಕಂಡೆ. ‘ಜ್’ ಮತ್ತು ‘ಕು’ ಒತ್ತಾಗಿ ಕೂಡಿಕೊಳ್ಳದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಒತ್ತಕ್ಷರದ ಜಾಗದಲ್ಲಾದರೆ ಅದು ಇದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುತ್ತದೆ. ಪದದ ಕೊನೆಯ ‘ರ್’ ಹಿಂದೆ ಸಿಕ್ಕಿಕೊಂಡಿದ್ದರೆ ಗೊತ್ತೇ ಆಗುವುದಿಲ್ಲ, ಎರಡೂ ಹೆಸರು ತದ್ರೂಪ. ಪ್ರೊಸೆಸರ್‌ಗೆ ಮಾತ್ರ ಅವು ಬೇರೆ ಬೇರೆ. ಟ್ರಾನ್ಸ್‌ಲೇಟ್() ಬಳಸಿ ಎರಡೂ ಕಡೆಯಿಂದ ಆ ಅಕ್ಷರ ತೆಗೆದು ಹೋಲಿಸಿ.

‘ಕೊ’ ಕೂಡ ಹಾಗೇ. ಅದರ ಸ್ವರಚಿಹ್ನೆಯನ್ನು ಒಂದೇ ಅಕ್ಷರವಾಗಿಯೂ ಬರೆಯಬಹುದು, ಎರಡು ಚೂರಾಗಿಯೂ ಬರೆಯಬಹುದು. ವಿಕಿಪೀಡಿಯ ತನ್ನ ಪಠ್ಯವನ್ನು ಒಂದೇ ಅಕ್ಷರದ ರೂಪಕ್ಕೆ ತಂದು ಇಟ್ಟುಕೊಳ್ಳುತ್ತದೆ. ನಿಮ್ಮ ಸ್ಟೈಲ್‌ಶೀಟಿನಲ್ಲಿ (ಎಕ್ಸ್‌ಎಸ್‌ಎಲ್‌ಟಿ ಫೈಲಿನಲ್ಲಿ) ಟೈಪ್ ಮಾಡಿದ ಅಥವಾ ಎಲ್ಲಿಂದಲೋ ಅಂಟಿಸಿದ ಹೆಸರು ಆ ರೂಪದಲ್ಲಿ ಇರಬೇಕೆಂದೇನಿಲ್ಲ. 2.0ರಿಂದ ನಾರ್ಮಲೈಸ್-ಯೂನಿಕೋಡ್() ಇದೆ. 1.0ರಲ್ಲೇ ಇದ್ದರೆ ಶೀರ್ಷಿಕೆಯನ್ನು ರಫ್ತಾದ ಫೈಲಿನಿಂದಲೇ ಕಾಪಿ ಮಾಡಿ ಟೆಸ್ಟ್ ಒಳಗೆ ಅಂಟಿಸಿಕೊಳ್ಳಿ, ಕೈಯಲ್ಲಿ ಟೈಪ್ ಮಾಡಬೇಡಿ.